ಹದಿನಾಲ್ಕು ಗಂಟೆಯ ದಾರಿ

ಬುಧವಾರ, ಮಾರ್ಚ್ ೧೨

ನನ್ನ ಸಣ್ಣವಳಿಗೆ,

ಸಕಲರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ವಿಮಾನದಲ್ಲಿ ಕುತ್ತಿಗೆಗೆ ಸುತ್ತಿಕೊಳ್ಳುವ ನನ್ನ ನೀಲಿ ದಿಂಬನ್ನು ಇಂದು ಬೆಳಿಗ್ಗೆ ಪಕ್ಕದ ಮನೆಯ ಬೆಕ್ಕಿಗೆ ಶಾಶ್ವತವಾಗಿ ದಾನ ಮಾಡಲಾಗಿದೆ. ಬೆಕ್ಕು ಒಮ್ಮೆ ಮೂಸಿ ನೋಡಿ, ಅದರ ಮೇಲೆ ಕೂತು, ದಾನ ಸ್ವೀಕರಿಸಿತು. ಸಮಾರಂಭ ಅಲ್ಲಿಗೆ ಮುಗಿಯಿತು.

ನಗಬೇಡ, ವಿಷಯ ದೊಡ್ಡದು. ಮುಂದಿನ ತಿಂಗಳು ನಾನು ನಿನ್ನ ಹತ್ತಿರ ಬರುತ್ತಿಲ್ಲ.

ಹದಿಮೂರು ಸಾವಿರ ಕಿಲೋಮೀಟರ್, ಹದಿನಾಲ್ಕು ಗಂಟೆ, ಒಂದು ನಿದ್ದೆ ತೆಗೆದರೆ ಊರು ಬಂತು ಎಂದು ನಿನ್ನ ಗಂಡ ಪ್ರತಿಸಲ ಹೇಳುವುದುಂಟು. ಪಾಪ, ಅಳಿಯಂದಿರ ಲೆಕ್ಕ ವಿಮಾನದ್ದು. ವಿಮಾನಕ್ಕೆ ಮಂಡಿ ಇಲ್ಲ. ನನ್ನ ಪ್ರಯಾಣ ಸೂಟ್‌ಕೇಸನ್ನು ಅಟ್ಟದಿಂದ ಇಳಿಸಿದ ದಿನವೇ ಶುರು. ಅಲ್ಲಿ ಇಳಿದ ಮೇಲೂ ಎಷ್ಟೋ ದಿನ ಊಟದ ತಟ್ಟೆಯ ಮುಂದೆ ತೂಕಡಿಸುತ್ತೇನೆ. ನಿನ್ನ ಅಡುಗೆಮನೆಯಲ್ಲಿ ಚಮಚದ ಡ್ರಾಯರ್ ಯಾವುದು ಎಂದು ಗೊತ್ತಾಗುವ ಹೊತ್ತಿಗೆ ನಿನ್ನ ಅಕ್ಕನ ಸರದಿ ಬಂದಿರುತ್ತದೆ. ಇಲ್ಲಿಗೆ ಬಂದರೆ ಇವಳು ಡ್ರಾಯರನ್ನೇ ಬದಲಿಸಿರುತ್ತಾಳೆ. ನಿಮ್ಮಪ್ಪ ಹೋದಾಗಿನಿಂದ ನಿಮ್ಮಿಬ್ಬರ ನಡುವೆ ಆರಾರು ತಿಂಗಳು ಹೀಗೇ. ಇಬ್ಬರೂ ಚೆನ್ನಾಗಿಯೇ ನೋಡಿಕೊಂಡಿರಿ. ಅದೇ ತೊಂದರೆ; ಜಗಳ ತೆಗೆಯಲಿಕ್ಕೂ ಒಂದು ನೆಪ ಸಿಗಲಿಲ್ಲ.

ಕಳೆದ ಸಲ ವಿಮಾನ ನಿಲ್ದಾಣದಲ್ಲಿ ನನ್ನ ಗಾಲಿಕುರ್ಚಿ ತಳ್ಳುತ್ತಿದ್ದವನು ಸುಮ್ಮನೆ ಮಾತಿಗೆಂದು ಕೇಳಿದ: "ಅಮ್ಮಾ, ಊರಿಗೆ ಹೋಗ್ತಿದೀರೋ, ಊರಿಂದ ಬರ್ತಿದೀರೋ?"

ಯಾವುದು ಊರು, ಯಾವುದು ಊರಲ್ಲ ಎಂದು ಬೆರಳು ಮಡಿಸಿ ಲೆಕ್ಕ ಹಾಕತೊಡಗಿದೆ. ಮುದುಕಿಗೆ ಕಿವಿ ಮಂದ ಎಂದುಕೊಂಡು ಅವನು ಇನ್ನೊಮ್ಮೆ ಗಟ್ಟಿಯಾಗಿ ಕೇಳಿದ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಗೇಟ್ ಎಲ್ಲಿದೆಯೋ ಅಲ್ಲಿಗಪ್ಪಾ" ಅಂದೆ.

ಅವತ್ತೇ ಸಾಕಾಯಿತು. ಈಗ ಒಂದು ಕೋಣೆ ಹಿಡಿದಿದ್ದೇನೆ. ಅಕ್ಕನ ಮನೆಯಿಂದ ಎರಡು ಬಸ್ ಸ್ಟಾಪ್ ಆಚೆ, ಲಾಂಡ್ರಿ ಅಂಗಡಿಯ ಮೇಲೆ. ನಲ್ಲಿ ಸೋರುತ್ತದೆ, ಕಿಟಕಿ ಅರ್ಧವೇ ತೆರೆಯುತ್ತದೆ, ಕೆಳಗಿನ ಯಂತ್ರ ತಿರುಗಿದಾಗ ಮಂಚವೂ ಸ್ವಲ್ಪ ನಡುಗುತ್ತದೆ. ಪ್ಯಾಂಟಿನ ಕಾಲು ಮಡಿಸಿ ಹೊಲಿಯುವ, ಜಿಪ್ ಬದಲಿಸುವ ಕೆಲಸ ಬಂದರೆ ಮೇಲೆ ಕಳಿಸುತ್ತೇನೆಂದು ಅಂಗಡಿಯಾಕೆ ಒಪ್ಪಿದ್ದಾಳೆ. ಟೈಲರ್ ಕೆಲಸವನ್ನು ನಾನು ಬಿಟ್ಟರೂ ಕೈ ಅದನ್ನು ಬಿಟ್ಟಿಲ್ಲ.

ನಿನಗೆ ಸಿಟ್ಟು ಬರುತ್ತದೆ. ಮಗು ಅಜ್ಜಿಗಾಗಿ ಕಾಯುತ್ತಿದೆ ಎಂಬುದೂ ಗೊತ್ತು. ಈ ಸಾಲು ಬರೆಯುವಾಗ ಪೆನ್ನು ಎರಡು ಸಲ ಕೆಳಗಿಟ್ಟೆ. ರಜೆಗೆ ನೀವೇ ಬನ್ನಿ. ನೆಲದ ಮೇಲೆ ಹಾಸಿದರೆ ಎಲ್ಲರಿಗೂ ಜಾಗವಿದೆ. ನಿನ್ನ ಗಂಡ ಮಾತ್ರ ಕಾಲು ಮಡಿಸಿ ಮಲಗಬೇಕು.

ದಣಿದಿರುವ, ಆದರೆ ಮುನಿಸಿಲ್ಲದ
ನಿನ್ನ ಅಮ್ಮ

ತಾ.ಕ.: ಅಕ್ಕನಿಗೆ ಇನ್ನೂ ಹೇಳಿಲ್ಲ. ನಿನ್ನಲ್ಲಿಗೆ ಹೊರಟಿದ್ದೇನೆಂದೇ ನಂಬಿ, ಪಕ್ಕದ ಕೋಣೆಯಲ್ಲಿ ನನ್ನ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಾಳೆ. ಅವಳ ಮುಖ ನೋಡಿದರೆ ನಾಲಿಗೆ ಏಳುವುದಿಲ್ಲ. ನೀನು ದೂರವಿದ್ದೀಯಲ್ಲ, ಅದಕ್ಕೇ ಮೊದಲು ನಿನಗೆ. ಈ ಕಾಗದ ನಿನ್ನ ಕೈಸೇರುವಷ್ಟರಲ್ಲಿ ಅವಳಿಗೂ ಹೇಳಿರುತ್ತೇನೆ. ನೀನು ಟಿಕೆಟ್ ರದ್ದು ಮಾಡಿಸು. ಹಾಗೆಯೇ ನಿನ್ನ ಬೀರುವಿನ ಕೆಳಗಿನ ಖಾನೆಯಲ್ಲಿ ನನ್ನ ದೊಡ್ಡ ಕತ್ತರಿ ಇದೆ, ಅದನ್ನು ಪಾರ್ಸೆಲ್ ಮಾಡು. ಮೊನೆಗೆ ದಪ್ಪ ಬಟ್ಟೆ ಸುತ್ತಲು ಮರೆಯಬೇಡ.