‘ನಹೀಂ ಸಾಬ್’ ಎಂದವರಿಗೆ ಗೋಡೆಯೇ ಗುರು

ಮಾಜಿ ಸೈನಿಕರಿಗೆ ವಿದ್ಯೆ ಹಂಚುವ ಹೊಣೆ ಹೊತ್ತ ಅಧಿಕಾರಿ ಮಹಾಶಯರೇ,

ಧಾರವಾಡದ ನಿಮ್ಮ ತರಬೇತಿ ಕೇಂದ್ರದಲ್ಲಿದ್ದ ಒಬ್ಬರೇ ಒಬ್ಬ ಶಿಕ್ಷಕಿಯನ್ನು ಮನೆಗೆ ಕಳಿಸಿ, ಅವರ ಜಾಗದಲ್ಲಿ ಗೋಡೆಗೆ ವಿಡಿಯೊ ಪಾಠದ ಒಂದು ಪರದೆ ತೂಗುಹಾಕಿದ್ದೀರಿ. ಕಾರಣವನ್ನೂ ಕೊಟ್ಟಿದ್ದೀರಿ: ‘ಶಿಬಿರಾರ್ಥಿಗಳಲ್ಲಿ ಯಾವುದೇ ಸಂಶಯ ಉಳಿದಿಲ್ಲ.’ ಆಹಾ! ಇಷ್ಟೊಂದು ಕಾಲೇಜುಗಳಿರುವ ಊರಿನಲ್ಲಿ ಇಂಥ ಪವಾಡವನ್ನು ಈವರೆಗೆ ಯಾರೂ ಕಂಡಿರಲಿಲ್ಲ.

ನಾನು ನವನಗರದಲ್ಲಿ ಬ್ಲೌಸ್ ಹೊಲಿಯುವವಳು. ನಮ್ಮ ಯಜಮಾನರು ಗುರುಪಾದ, ಮುಗದದವರು. ಹತ್ತನೇ ತರಗತಿ ಮುಗಿಸಿ ಸೇನೆ ಸೇರಿದವರು ಕಳೆದ ಗಡಿ ಕಾಳಗದ ಬಳಿಕ ನಿವೃತ್ತರಾಗಿ ಬಂದರು. ಹೋದಲ್ಲೆಲ್ಲ ಅವರಿಗೆ ಬಾಗಿಲ ಪಕ್ಕದ ಕಾವಲುಗಾರನ ಕುರ್ಚಿಯನ್ನೇ ತೋರಿಸಿದರು. ಅವರಿಗೆ ಅದು ಬೇಡ. ಗುಮಾಸ್ತರ ಪರೀಕ್ಷೆ ಪಾಸಾಗಿ ಒಳಗಿನ ಮೇಜಿನ ಮುಂದೆ ಕೂರಬೇಕು. ಅದಕ್ಕೆಂದೇ ನಿಮ್ಮ ಕೇಂದ್ರ ಸೇರಿದರು. ವಯಸ್ಸಿನ ಮಿತಿಯಿಂದಾಗಿ ಮುಂದಿನ ತಿಂಗಳದ್ದೇ ಅವರಿಗೆ ಕೊನೆಯ ಪರೀಕ್ಷೆ.

ಸೇನೆಯ ಒಂದು ಪದ್ಧತಿ ತಮಗೆ ಗೊತ್ತೇ ಇದೆ, ಪತ್ರಿಕೆಯ ಓದುಗರಿಗಾಗಿ ಹೇಳುತ್ತೇನೆ. ಪಾಠ ಮುಗಿದ ಮೇಲೆ ಉಸ್ತಾದರು ‘ಕೋಯೀ ಶಕ್?’ ಎಂದು ಗುಡುಗುತ್ತಾರೆ. ಏನಾದರೂ ಸಂಶಯ ಉಂಟೇ ಎಂದು. ಎಲ್ಲರೂ ಒಟ್ಟಿಗೆ ‘ನಹೀಂ ಸಾಬ್!’ ಎಂದು ಕೂಗಬೇಕು. ಹೊಸದರಲ್ಲಿ ನಮ್ಮವರು ಒಮ್ಮೆ ಸಂಶಯ ಕೇಳಿ, ರೈಫಲ್ ತಲೆಯ ಮೇಲೆತ್ತಿಕೊಂಡು ಮೈದಾನ ಸುತ್ತಿದ್ದರಂತೆ. ಆಮೇಲೆ ಅವರಿಗೆ ಸಂಶಯವೇ ಬರಲಿಲ್ಲ. ಮನೆಯಲ್ಲೂ ಅಷ್ಟೇ. ‘ರೇಷನ್ ಅಂಗಡಿ ದಾರಿ ತಿಳೀತೇನ್ರಿ?’ ಅಂದರೆ ‘ತಿಳೀತು’ ಎಂದು ಹೊರಟು, ಬಡಾವಣೆಯನ್ನೆಲ್ಲ ಸುತ್ತಿ ಬರಿಗೈಲಿ ಬರುತ್ತಾರೆ. ಗುಂಡು ಹಾರುವಾಗ ಪ್ರಶ್ನೆ ಕೇಳುತ್ತ ಕೂರಲಾಗದು, ಒಪ್ಪಿದೆ. ಶೇಕಡಾವಾರು ಲೆಕ್ಕಕ್ಕೂ ಅದೇ ಕಾನೂನೇ?

ಈ ಬಾಯಿಯ ಬೀಗ ತೆಗೆದವರು ಸಪ್ತಾಪುರದ ಶಾಂಭವಿ ಅಕ್ಕೋರು, ಅಂದರೆ ತಾವು ಮನೆಗೆ ಕಳಿಸಿದ ಶಿಕ್ಷಕಿ. ಪ್ರಶ್ನೆ ಕೇಳದವರಿಗೆ ಅವರ ತರಗತಿಯಲ್ಲಿ ಚಹಾ ಇಲ್ಲ! ಮೊದಮೊದಲು ಯಾರಿಗೂ ಚಹಾ ಸಿಗಲಿಲ್ಲ. ಕೊನೆಗೆ ನಮ್ಮವರೇ ಎದ್ದು, ‘ಅಕ್ಕೋರ, ಎರಡು ರೈಲು ಎದುರಾಬದರಾ ಬಂದ್ರ ವೇಗ ಯಾಕ ಕೂಡಸ್ಬೇಕ್ರಿ? ನನಗ ಖರೇನ ತಿಳೀವಲ್ದು’ ಅಂದರಂತೆ. ಅಂದು ಮನೆಗೆ ಬಂದವರ ಮುಖ ತಾವು ನೋಡಬೇಕಿತ್ತು. ‘ರಜನಿ, ಇವತ್ತ ನಾ ಕೇಳೇ ಬಿಟ್ಟೆ ನೋಡು!’ ಎಂದರು. ಸೇನೆಯಲ್ಲಿ ಪದಕ ಬಂದಾಗಲೂ ಅಷ್ಟು ಹಿಗ್ಗಿರಲಿಲ್ಲ. ನನಗೆ ಅಳುವೇ ಬಂತು.

ಅಷ್ಟರಲ್ಲಿ ತಾವು ಪರಿಶೀಲನೆಗೆ ದಯಮಾಡಿಸಿದಿರಿ. ಬೂಟಿನ ಸಪ್ಪಳ ಮಾಡುತ್ತ ಒಳಬಂದು, ಅಕ್ಕೋರನ್ನು ಹೊರಗೆ ನಿಲ್ಲಿಸಿ, ಹಳೆಯ ಗತ್ತಿನಲ್ಲಿ ‘ಕೋಯೀ ಶಕ್?’ ಎಂದಿರಿ. ಇಡೀ ತರಗತಿ ಸೆಟೆದು ನಿಂತು ಕೂಗಿತು: ‘ನಹೀಂ ಸಾಬ್!’ ಮುಗಿಯಿತು, ಎಲ್ಲರೂ ಪಂಡಿತರಾದರು! ಸ್ವತಃ ಹೆಗಲ ಮೇಲೆ ನಕ್ಷತ್ರ ಹೊತ್ತಿದ್ದ ತಮಗೆ ಆ ಕೂಗಿನ ಅರ್ಥ ಗೊತ್ತಿರಲಿಲ್ಲವೇ, ಇಲ್ಲ ಗೊತ್ತಿದ್ದೂ ಅನುಕೂಲವಾಯಿತೇ?

ಈಗ ಪರದೆಯ ಮೇಲಿನ ಮನುಷ್ಯ ‘ಅರ್ಥವಾಯಿತಲ್ಲವೇ?’ ಎನ್ನುತ್ತಾನೆ. ಗಡಿ ಕಾದವರು ಗೋಡೆಗೆ ‘ಯೆಸ್ ಸರ್’ ಎನ್ನುತ್ತಾರೆ. ‘ತಿಳೀದಿದ್ರ ಕೇಳ್ರಲಾ’ ಅಂದೆ. ‘ಗ್ವಾಡಿಗೆ ಏನಂತ ಕೇಳ್ಲಿ?’ ಅಂದರು. ಮೊನ್ನೆ ಅಪಾರ್ಟ್‌ಮೆಂಟ್ ಒಂದರ ಕಾವಲು ಕೆಲಸ ವಿಚಾರಿಸಿ ಬಂದಿದ್ದಾರೆ. ‘ಬ್ಯಾಡಂತಿದ್ರಲ್ರಿ’ ಅಂದರೆ, ‘ಅದರಾಗ ಕೇಳೂದೇನೂ ಇರಂಗಿಲ್ಲ’ ಎಂದರು.

ಈ ವಾರವೇ ಶಾಂಭವಿ ಅಕ್ಕೋರನ್ನು ಮರಳಿ ಕರೆಸಿ. ಅವರು ಬೇಕೆಂದು ನಂಬಿಕೆಯಾಗದಿದ್ದರೆ ಮತ್ತೊಮ್ಮೆ ಬನ್ನಿ. ಈ ಸಲ ಗುಡುಗಬೇಡಿ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ಒಬ್ಬೊಬ್ಬರನ್ನೇ ಮೆತ್ತಗೆ ಕೇಳಿ ನೋಡಿ. ಈ ಪತ್ರದಲ್ಲಿ ತಮಗೆ ಏನಾದರೂ ತಿಳಿಯದಿದ್ದರೆ ನಮ್ಮ ಮನೆಗೇ ಬಂದು ಕೇಳಿ. ಪ್ರಶ್ನೆ ಕೇಳಿದವರನ್ನು ನಾವು ಮೈದಾನ ಸುತ್ತಿಸುವುದಿಲ್ಲ, ಚಹಾ ಕೊಡುತ್ತೇವೆ.

ಇಂತಿ,
ಆ ದಿನ ತರಗತಿಯಲ್ಲಿದ್ದು ‘ಸಂಶಯ ಉಂಟು ಸಾಬ್’ ಎನ್ನಲಾಗದೆ ಹೋದವರ ಹೆಂಡತಿ
ರಜನಿ, ನವನಗರ