ಖೋಖೋ ಕಲಿಸಿದ ಪಾಠ

ತಿರ್ಲಾಪುರ, ಭಾನುವಾರ

ನಮ್ಮ ಖೋಖೋ ತಂಡದ ಮಾಜಿ ಆಟಗಾರ್ತಿ ಐಶ್ವರ್ಯಳಿಗೆ,

ಫಕೀರವ್ವನ ನಮಸ್ಕಾರ. ನಿನ್ನ ಫೋನು ಬಂದಾಗ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದೆ. ಶಾಲೆಯ ಕ್ರೀಡಾಕೂಟಕ್ಕೆ ನಿನ್ನನ್ನು ಅತಿಥಿಯಾಗಿ ಕರೆದಿದ್ದಾರಂತೆ, ‘ಆಟ ಕಲಿಸಿದ ಜೀವನಪಾಠ’ ಎಂದು ಭಾಷಣ ಮಾಡಬೇಕಂತೆ. “ನನಗೇನೂ ನೆನಪಿಲ್ಲಬೇ, ನೀನ ಚಂದಗೆ ಬರದು ಕಳಸು” ಎಂದು ಹೇಳಿದೆಯಲ್ಲ, ಆಡಿದ್ದರೆ ತಾನೆ ನೆನಪಿರುವುದು! ನವಲಗುಂದದ ಫೈನಲ್ ಮುಗಿಯುವ ತನಕ ನೀನು ಬೇವಿನ ನೆರಳಲ್ಲಿ ಕೂತು ನಮ್ಮ ಚಪ್ಪಲಿ ಕಾಯ್ದೆ. ಅದನ್ನೂ ನೆಟ್ಟಗೆ ಕಾಯಲಿಲ್ಲ. ನನ್ನದೊಂದನ್ನು ನಾಯಿ ಒಯ್ದಿತು.

ನಾನು ಕಂಬದ ಹತ್ತಿರ ಬಿದ್ದು, ತರಚಿದ ಮೊಣಕಾಲಿಗೆ ಅರಿಷಿಣ ಹಚ್ಚಿಸಿಕೊಳ್ಳುತ್ತಿದ್ದಾಗ ಅತ್ತ ಫೋಟೋ ತೆಗೆದರು. ನಾವು ಗೆದ್ದ ಕಪ್ಪು ನಿನ್ನ ಕೈಯಲ್ಲಿತ್ತು. “ಇರ್ಲಿ ಬಿಡವಾ, ಗೌಡ್ರ ಮಗಳು ಹಿಡಕೊಳ್ಳಲಿ” ಎಂದರು ಪಿ.ಟಿ. ಮಾಸ್ತರರು.

ಪಾಠ ಬೇಕಲ್ಲವೇ, ಬರೆದುಕೋ. ಖೋಖೋದಲ್ಲಿ ಕೂತವಳ ಬೆನ್ನು ತಟ್ಟಿ ‘ಖೋ’ ಎಂದು ಎಬ್ಬಿಸಿ, ಅವಳನ್ನು ಓಡಲು ಬಿಟ್ಟು, ಅವಳ ಜಾಗದಲ್ಲಿ ತಾನು ಕೂಡಬೇಕು. ಆಡದೆಯೇ ಇಷ್ಟನ್ನು ಕಲಿತವಳು ನೀನೊಬ್ಬಳೇ. ಮೊನ್ನೆ ಫೋನಿನಲ್ಲಿ ನನಗೆ ಕೊಟ್ಟದ್ದೂ ಖೋನೇ. ಈ ಸಲ ನಾನು ಏಳುವುದಿಲ್ಲ.

ಒಂದು ಮಾತು ಮಾತ್ರ ಪುಕ್ಕಟೆ ಹೇಳುತ್ತೇನೆ. ಫೋಟೋಕ್ಕೆ ಚಂದ ಕಾಣುತ್ತದೆಂದು ಆಟದ ಚಡ್ಡಿ ತೊಟ್ಟು ಹೋಗಬೇಡ, ಸೀರೆ ಉಟ್ಟುಕೋ. ಖೋಖೋ ಆಡುವ ಹುಡುಗಿಯರು ಅತಿಥಿಯ ಮುಖ ನೋಡುವುದಿಲ್ಲ, ಮೊಣಕಾಲು ನೋಡುತ್ತಾರೆ.

ಇಂತಿ,
ಕಪ್ಪು ಗೆದ್ದು ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದ
ಫಕೀರವ್ವ