ಬಾಗಿಲು ತೆಗೆಯಿರಿ ಎಂದವರು

ಮಾರ್ಚ್ ೧೨, ಮಂಗಳವಾರ

ನನ್ನ ಪುಟ್ಟಿಗೆ,

ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹರಿದು ಹಾಕಿದೆ. ಕೆಲಸ ಜಾಸ್ತಿ ಎಂದು ಸಬೂಬು ಹೇಳಬಹುದಿತ್ತು, ಆದರೆ ನನ್ನ ಸಬೂಬುಗಳೆಲ್ಲ ನಿನಗೆ ಚಿಕ್ಕಂದಿನಿಂದ ಬಾಯಿಪಾಠ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಮಗಳ ಕೆಮ್ಮು ಕಡಿಮೆಯಾಯಿತಾ? ಅದೊಂದನ್ನೂ ನೀನು ಬರೆದಿಲ್ಲ. ಇಡೀ ಹಾಳೆಯಲ್ಲಿ ಒಂದೇ ಪ್ರಶ್ನೆ, ಅದರ ಕೆಳಗೆ ಕಾಗದ ಹರಿಯುವಷ್ಟು ಒತ್ತಿ ಎಳೆದ ಎರಡು ಗೀಟು: "ಅವತ್ತು ಬಾಗಿಲು ತೆಗೀರಿ ಅಂತ ನನ್ನ ಗಂಡನಿಗೆ ಹೇಳಿದ್ದು ಯಾರು?"

ತನಿಖಾ ಸಮಿತಿಯವರ ಪ್ರಕಾರ ಯಾರೂ ಹೇಳಿಲ್ಲ. ಮುಂದಿನ ಆದೇಶದ ತನಕ ಬ್ಯಾಂಕಿನ ಶಾಖೆ ಮುಚ್ಚಿಡಿ ಎಂದು ಹಿಂದಿನ ದಿನವೇ ಸುತ್ತೋಲೆ ಹೋಗಿತ್ತಂತೆ. ಮ್ಯಾನೇಜರಾಗಿದ್ದ ನಿನ್ನ ಗಂಡ ಅದನ್ನು ಮೀರಿ ತಮ್ಮ ಸ್ವಂತ ಬುದ್ಧಿಯಿಂದ ಬಾಗಿಲು ತೆಗೆದರಂತೆ. ಹಾಗಾಗಿ ಅವರೂ ಸೇರಿ ಸತ್ತ ಮೂವರ ಹೊಣೆಯೂ ಅವರದೇ, ಸಂಸಾರಕ್ಕೆ ಪಿಂಚಣಿ ಇಲ್ಲ ಎನ್ನುವುದು ಅವರ ಲೆಕ್ಕ. ಸತ್ತವರ ತಲೆಗೆ ಕಟ್ಟುವಷ್ಟು ಸುಲಭದ ಕೆಲಸ ಬೇರೆ ಇಲ್ಲ, ಎದ್ದು ಬಂದು ವಾದ ಮಾಡುವುದಿಲ್ಲವಲ್ಲ!

ಅಂದು ಏನಾಯಿತು ಎಂದು ನಿನಗೆ ಯಾರೂ ಸರಿಯಾಗಿ ಹೇಳಿಲ್ಲ. ನಾನು ಹೇಳುತ್ತೇನೆ, ಮಗಳ ಎದುರು ಓದಬೇಡ. ಆ ವಾರ ನಮ್ಮ ನಾಣ್ಯದ ಬೆಲೆ ಮೂರನೇ ಒಂದು ಪಾಲು ಕುಸಿದಿತ್ತು. ಅದನ್ನು ಹಿಡಿದು ನಿಲ್ಲಿಸಲು ನಮ್ಮ ಕೇಂದ್ರ ಬ್ಯಾಂಕು ಒಂದೇ ಏಟಿಗೆ ಬಡ್ಡಿ ದರ ಏರಿಸಿತು. ಹಾಗೆ ಮಾಡಿ ಎಂದು ವರದಿ ಬರೆದವಳು ನಾನೇ. ಜನರಿಗೆ ಅದು ಬೇರೆ ಥರ ಕೇಳಿಸಿತು. ದೊಡ್ಡವರೇ ಇಷ್ಟು ಗಾಬರಿಯಾಗಿದ್ದಾರೆ ಎಂದರೆ ಬ್ಯಾಂಕುಗಳು ಮುಳುಗುತ್ತಿವೆ ಎಂದುಕೊಂಡು ಬೆಳಗಾಗುತ್ತಲೇ ಬೀದಿಗಿಳಿದರು.

ನಿಮ್ಮವರ ಶಾಖೆಯ ಹೆಡ್ ಕ್ಯಾಷಿಯರಮ್ಮ ಇನ್ನೂ ಆಸ್ಪತ್ರೆಯಲ್ಲಿದ್ದಾರೆ. ಎರಡೂ ಕೈಗೆ ಮೊಣಕೈ ತನಕ ಬ್ಯಾಂಡೇಜು. ನಾನೇ ಚಮಚದಲ್ಲಿ ನೀರು ಕುಡಿಸಿದೆ, ಅವರು ಹೇಳುತ್ತಾ ಹೋದರು.

"ಒಂಬತ್ತೂವರೆಗೇ ಶಟರ್ ಮೇಲೆ ಕಲ್ಲು ಬೀಳ್ತಾ ಇತ್ತು ಮೇಡಂ. ಸಾಹೇಬ್ರು ಒಳಗೆ ಹೋಗಿ ಫೋನ್ ಮಾಡಿ ಬಂದ್ರು. ಮುಖ ಗೆಲುವಾಗಿತ್ತು. ತೆಗೀರಿ, ತೆಗೆದ್ರೆ ತಣ್ಣಗಾಗ್ತಾರೆ ಅಂದ್ರು. ಅರ್ಧ ಎತ್ತಿದ್ವಿ ಅಷ್ಟೇ."

ಅರ್ಧ ಎತ್ತಿದ ಶಟರಿನ ಕೆಳಗೆ ಜನ ತೂರಿದರು. ಮುಂದೆ ಇದ್ದ ಮುದುಕಿಯೊಬ್ಬಳು, ಬಟ್ಟೆ ಹೊಲಿದು ಬದುಕುವವಳು, ಬಿದ್ದಳು. ಹಿಂದಿನವರು ಅವಳ ಬೆನ್ನು ತುಳಿದೇ ಒಳಗೆ ಬಂದರು. ಕಾವಲುಗಾರನ ಕೈಯ ಲಾಠಿ ಕಿತ್ತುಕೊಂಡು ಅವನಿಗೇ ಬಾರಿಸಿದರು, ಅವನು ಎದ್ದೇಳದಿದ್ದರೂ ಬಾರಿಸಿದರು. ಕೌಂಟರಿನ ಗಾಜು ಒಡೆದು, ಅದರ ಚೂರುಗಳ ಮೇಲೆಯೇ ಅಂಗೈ ಊರಿ ಹತ್ತಿ ಬಂದರಂತೆ. ನೋಟಿನ ಮೇಲೆಲ್ಲ ರಕ್ತ. ನಿನ್ನ ಗಂಡ ಕುರ್ಚಿ ಹತ್ತಿ ನಿಂತು "ಎಲ್ರಿಗೂ ಸಿಗತ್ತೆ, ಸಾಲಲ್ಲಿ ಬನ್ನಿ" ಎಂದು ಕೂಗುತ್ತಿದ್ದರು. ಯಾರೋ ಕುರ್ಚಿ ಎಳೆದರು. ಬಿದ್ದವರ ತಲೆಗೆ ಒಬ್ಬ ಗೋಡೆಯ ಮೇಲಿದ್ದ ಬೆಂಕಿ ಆರಿಸುವ ಸಿಲಿಂಡರ್ ಕಿತ್ತು ಹೊಡೆಯತೊಡಗಿದ. ಈ ಹೆಂಗಸು ಅವರ ತಲೆಯ ಮೇಲೆ ತನ್ನ ಕೈಗಳನ್ನಿಟ್ಟಿದ್ದಾರೆ. ಬೆರಳುಗಳು ಪುಡಿಯಾಗಿದ್ದು ಹಾಗೆ.

"ಯಾರು ಹೊಡೆದದ್ದು?" ಎಂದೆ.

"ಎದುರಿನ ಔಷಧಿ ಅಂಗಡಿಯವ್ರು ಮೇಡಂ. ದಿನಾ ಮಾತಾಡ್ಸೋರು. ಹೊಡೀತಾ ಹೊಡೀತಾ ಅಳ್ತಿದ್ರು."

ಆ ಮನುಷ್ಯನ ಕುತ್ತಿಗೆ ಹಿಸುಕಬೇಕು ಅನ್ನಿಸಿತು. ನಿಜವಾಗಿ ಅನ್ನಿಸಿತು ಪುಟ್ಟಿ. ಆದರೆ ಹಿಸುಕಬೇಕಾದ ಕುತ್ತಿಗೆ ಇನ್ನೊಂದಿತ್ತು.

ಫೋನಿನ ಆಚೆ ಇದ್ದವಳು ನಾನು. ಬಾಗಿಲು ತೆಗೆಯಿರಿ ಎಂದವಳು ನಾನು.

"ಅಕ್ಕಾ, ಮುಚ್ಚಿಡಿ ಅಂತ ಸುತ್ತೋಲೆ ಬಂದಿದೆ. ನಿಮ್ಮ ಪುಸ್ತಕದಲ್ಲಿ ತೆಗೆದಿಡ್ಬೇಕು ಅಂತ ಇದೆಯಲ್ಲಾ, ಏನ್ ಮಾಡ್ಲಿ?" ಎಂದರು ನಿನ್ನ ಗಂಡ. ನಾನು ಎಂಟು ವರ್ಷ ಈಗಷ್ಟೇ ಬೆಳೆಯುತ್ತಿರುವ ದೇಶಗಳನ್ನೆಲ್ಲ ಸುತ್ತಿ, ಇಂಥ ಬಿಕ್ಕಟ್ಟು ಕಂಡ ನಲವತ್ತೊಂದು ಊರುಗಳ ಪಟ್ಟಿ ಮಾಡಿದವಳಲ್ಲವೇ! ಬ್ಯಾಂಕು ಬಾಗಿಲು ತೆಗೆದಿಟ್ಟ ಕಡೆ ಎರಡೇ ದಿನಕ್ಕೆ ಜನ ಶಾಂತರಾಗಿದ್ದರು, ಮುಚ್ಚಿದ ಕಡೆ ದಿಗಿಲು ಪಕ್ಕದ ಊರಿಗೂ ಹಬ್ಬಿತ್ತು. ಆ ಪುಸ್ತಕಕ್ಕೆ ನನಗೆ ಬಹುಮಾನ ಬಂದಾಗ ನಿನ್ನ ಗಂಡ ಕೇಕ್ ತಂದಿದ್ದರು. "ಸುತ್ತೋಲೆ ಬರೆದವರಿಗೆ ಏನ್ರೀ ಗೊತ್ತು ಮ್ಯಾನೇಜರ್ ಸಾಹೇಬ್ರೇ? ಧೈರ್ಯವಾಗಿ ತೆಗೀರಿ" ಎಂದು ನಕ್ಕೆ ಕೂಡ.

ಗುರುವಾರ ಸಮಿತಿಯ ಮುಂದೆ ಹೋಗಿ ಇದನ್ನು ಹೇಳುತ್ತೇನೆ. ಲಿಖಿತ ಹೇಳಿಕೆಯ ಪ್ರತಿ ಈ ಕಾಗದದ ಜೊತೆಗಿದೆ. ಜೋಪಾನವಾಗಿಡು, ಪಿಂಚಣಿಗೆ ಬೇಕಾಗುತ್ತದೆ. ನನ್ನ ಕೆಲಸ ಹೋಗುತ್ತದೆ, ಹೋಗಲಿ. ನಿರ್ದೇಶಕರು ನಿನ್ನೆ ಕರೆದು, "ಸತ್ತವರು ವಾಪಸ್ ಬರಲ್ಲ, ನಿಮ್ಮ ಹೆಸರು ಯಾಕೆ ಹಾಳ್ಮಾಡ್ಕೋತೀರಿ?" ಎಂದು ಉಪದೇಶ ಮಾಡಿದರು. ಅವರ ಮೇಜಿನ ಮೇಲಿನ ನೀರಿನ ಲೋಟ ಎತ್ತಿ ಗೋಡೆಗೆ ಅಪ್ಪಳಿಸಿ ಬಂದೆ. ನಾಚಿಕೆಯೇನೂ ಆಗಲಿಲ್ಲ.

ನನ್ನನ್ನು ಮನೆಗೆ ಸೇರಿಸಬೇಡ ಅನ್ನಿಸಿದರೆ ಸೇರಿಸಬೇಡ. ನೀನು ಗಟ್ಟಿಯಾಗಿರು. ಮಗಳು ನಿನ್ನ ಹಾಗೆಯೇ ಬೆಳೆಯಲಿ, ನನ್ನಷ್ಟು ಬುದ್ಧಿವಂತೆಯಾಗದಿದ್ದರೆ ಒಳ್ಳೆಯದೇ. ಇಬ್ಬರಿಗೂ ನನ್ನ ಆಯಸ್ಸು ಸೇರಲಿ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಒಡೆದೆ. ಇದನ್ನೂ ಸಮಿತಿಗೆ ಹೇಳುತ್ತೇನೆ, ಆದರೆ ಮೊದಲು ನಿನಗೆ ಗೊತ್ತಾಗಲಿ. ನಾನು ಮಾಹಿತಿ ತಂದದ್ದು ನಲವತ್ತಮೂರು ಊರುಗಳಿಂದ. ಅದರಲ್ಲಿ ಎರಡು ಕಡೆ ಬಾಗಿಲು ತೆಗೆದ ಕೂಡಲೇ ಜನ ನುಗ್ಗಿ ಬ್ಯಾಂಕಿನವರನ್ನು ಕೊಂದಿದ್ದರು. ಅವನ್ನು ಸೇರಿಸಿದರೆ ಗ್ರಾಫಿನ ಗೆರೆ ಸೊಟ್ಟಗಾಗುತ್ತಿತ್ತು. 'ಲೆಕ್ಕಕ್ಕೆ ಬಾರದ ಅಪವಾದ' ಎಂದು ಗುರುತು ಹಾಕಿ ಪಟ್ಟಿಯಿಂದ ತೆಗೆದುಬಿಟ್ಟೆ, ನಮ್ಮ ಕಸುಬಿನಲ್ಲಿ ಎಲ್ಲರೂ ಮಾಡುವುದೇ. ಫೋನು ಇಡುವ ಮುಂಚೆ ಅವರು ಇನ್ನೊಂದು ಮಾತು ಕೇಳಿದ್ದರು: "ಅಕ್ಕಾ, ಹಾಗೆ ತೆಗೆದ ಕಡೆ ಯಾರ ಜೀವಕ್ಕಾದ್ರೂ ಅಪಾಯ ಆಗಿತ್ತಾ?" ಆ ಎರಡು ಊರುಗಳ ಹೆಸರು ನನ್ನ ನಾಲಗೆಯ ತುದಿಯಲ್ಲಿತ್ತು. "ಒಬ್ಬರಿಗೂ ಇಲ್ಲ" ಎಂದೆ.